ಭಾವನ ಎಡೆಗೆ ಬಂದ ಕಾಗೆ

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ದೆವ್ವ, ಗಾಳಿ, ಶಕುನ ಯಾವುದಕ್ಕೂ ಸೊಪ್ಪು ಹಾಕಿದವನಲ್ಲ. ಜಗಳೂರಿನಲ್ಲಿ ಮೇಷ್ಟ್ರಾಗಿದ್ದಾಗ ಯಾರಿಗಾದರೂ ಮೈಮೇಲೆ ದೇವರು ಬಂತು ಎಂದರೆ, “ಹದಿನೇಳರ ಮಗ್ಗಿ ಬರ್ತೈತೇನು ಕೇಳ್ರಿ ಆ ದೇವ್ರಿಗೆ” ಎಂದು ಬೈಸಿಕೊಂಡವನು. ತಿಥಿಯ ಎಡೆ ಇಟ್ಟು ಕಾಗೆ ಕಾಯುವವರನ್ನಂತೂ ಬಾಯಿಗೆ ಬಂದಂತೆ ಗೇಲಿ ಮಾಡುತ್ತಿದ್ದೆ. ಹಸಿದ ಕಾಗೆ ಬರುತ್ತೆ, ಹೊಟ್ಟೆ ತುಂಬಿದ್ದು ಬರುವುದಿಲ್ಲ, ಅದರಲ್ಲೇನು ಮಹಾ ಎನ್ನುತ್ತಿದ್ದೆ. ಈಗಲೂ ಹಾಗೇ ಎನ್ನುತ್ತೇನೆ. ಹೇಳುವಾಗ ದನಿ ಸ್ವಲ್ಪ ತಗ್ಗುತ್ತದೆ, ಅಷ್ಟೇ ವ್ಯತ್ಯಾಸ.

ನಮ್ಮೂರು ನ್ಯಾಮತಿ. ಅಕ್ಕನನ್ನು ಕೊಟ್ಟಿದ್ದು ಚನ್ನಗಿರಿ ತಾಲ್ಲೂಕಿನಲ್ಲಿ, ಕತ್ತಲಗೆರೆ ಹತ್ತಿರದ ಒಂದು ಹಳ್ಳಿಗೆ. ಭಾವ ನಿಂಗಪ್ಪ ಎಂದರೆ ನನಗೆ ಪ್ರಾಣ. ಮಾವನ ಮನೆಗೆ ಬಂದರೆ ಸಾಕು, ನನ್ನನ್ನು ಸೈಕಲ್ಲಿನ ಮುಂದಿನ ಬಾರಿನ ಮೇಲೆ ಕೂರಿಸಿಕೊಂಡು ಹೊನ್ನಾಳಿಯ ಟೆಂಟ್ ಸಿನಿಮಾಕ್ಕೆ ಹೊರಟುಬಿಡುತ್ತಿದ್ದರು. ಮಂಡಕ್ಕಿ ಮೆಣಸಿನಕಾಯಿ ಕೊಡಿಸುವವರೂ ಅವರೇ, ಸಿನಿಮಾ ಮುಗಿಯುವವರೆಗೆ ಪಕ್ಕದವರಿಗೆಲ್ಲ ಮುಂದಿನ ಕತೆ ಹೇಳಿ ಬೈಸಿಕೊಳ್ಳುವವರೂ ಅವರೇ. ಬರುವಾಗ ದಾರಿಯುದ್ದಕ್ಕೂ ಹಾಡು. ಆ ಹಾಡುಗಳೆಲ್ಲ ಈ ವಯಸ್ಸಿನಲ್ಲೂ ನನಗೆ ಬಾಯಿಪಾಠ.

ನಾನು ಹೈಸ್ಕೂಲಿನಲ್ಲಿದ್ದಾಗ ಹೊನ್ನಾಳಿಯಲ್ಲಿ ತಾಲ್ಲೂಕು ಮಟ್ಟದ ಚರ್ಚಾಸ್ಪರ್ಧೆ ಆಯಿತು. ವಿಷಯ, ಮರಣದಂಡನೆ ರದ್ದಾಗಬೇಕೆ? ರದ್ದಾಗಲೇಬೇಕು ಎಂದು ನಾನು ಮೇಜು ಗುದ್ದಿ ಮಾತಾಡಿ ಒಂದು ಸ್ಟೀಲ್ ಲೋಟ ಗೆದ್ದೆ. ಭಾವ ಹಿಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದರು. ಸೈಕಲ್ ಹತ್ತಿದ ಮೇಲೆ ಶುರು ಮಾಡಿದರು. “ಅಲ್ಲಲೇ, ನಾಳೆ ಯಾವನಾರ ನನ್ನೇ ಕಡಿದ್ ಹಾಕಿದ್ರೆ, ಅವನ್ನ ಮನೇಲಿ ಕೂರ್ಸಿ ಹೋಳಿಗೆ ತುಪ್ಪ ಹಾಕ್ತೀಯೇನು?” ನಾನೂ ಬಿಡಲಿಲ್ಲ, “ನಿಮ್ಮನ್ನ ಯಾರು ಕಡೀತಾರೆ ಬಿಡ್ರಿ ಭಾವ” ಎಂದೆ. ಇಬ್ಬರೂ ನಕ್ಕೆವು.

ಎಪ್ಪತ್ತರ ದಶಕದ ಶುರುವಿನಲ್ಲಿ ಭಾವನನ್ನು ಕಡಿದು ಹಾಕಿದರು. ಕಡಿದವನು ಪಕ್ಕದ ಗದ್ದೆಯ ಹಾಲೇಶ, ಇನ್ನೂ ಮೀಸೆ ಸರಿಯಾಗಿ ಬಲಿಯದ ಹುಡುಗ. ಚಾನಲ್ ನೀರಿನ ಪಾಳಿಯ ಜಗಳ. ಚಿಕ್ಕವನಿದ್ದಾಗ ಅಕ್ಕನ ಮನೆಯ ಒಲೆ ಮುಂದೆ ಕೂತು ರೊಟ್ಟಿ ತಿಂದು ಬೆಳೆದವನು ಅವನು. ಬದುವಿನ ಮರೆಯಲ್ಲಿ ಕೊಡಲಿ ಹಿಡಿದು ಕಾದಿದ್ದು ಹೊಡೆದ ಎಂದು ರುಜುವಾತಾಯಿತು. ಕೋರ್ಟಿನಲ್ಲಿ ಗಲ್ಲು ಎಂದಾಗ ನಾನು ಭಾವನ ಅಣ್ಣನನ್ನು ತಬ್ಬಿಕೊಂಡು ಅತ್ತೆ, ಸಂತೋಷಕ್ಕೆ ಅತ್ತೆ. ಹೊನ್ನಾಳಿಯಲ್ಲಿ ಮೇಜು ಗುದ್ದಿ ಆಡಿದ್ದರಲ್ಲಿ ಒಂದಕ್ಷರವೂ ಆಗ ನೆನಪಿಗೆ ಬರಲಿಲ್ಲ. ಹೈಕೋರ್ಟಿನಲ್ಲೂ ಶಿಕ್ಷೆ ಖಾಯಂ ಆಯಿತು, ಸುಪ್ರೀಂ ಕೋರ್ಟು ಮೇಲ್ಮನವಿಯನ್ನು ತಳ್ಳಿಹಾಕಿತು. ಉಳಿದದ್ದು ರಾಷ್ಟ್ರಪತಿಗಳಿಗೆ ಕ್ಷಮೆಯ ಅರ್ಜಿ ಒಂದೇ.

ಆಗ ಹಾಲೇಶನ ತಾಯಿ ಅಕ್ಕನ ಮನೆಗೆ ಬರಲು ಶುರು ಮಾಡಿದಳು. ಗಂಡನಿಲ್ಲದ ಹೆಂಗಸು, ಇವನೊಬ್ಬನೇ ಮಗ. ಸತ್ತವನ ಹೆಂಡತಿಯೇ ‘ಗಲ್ಲು ಬೇಡ’ ಎಂದು ಬರೆದುಕೊಟ್ಟರೆ ಅರ್ಜಿಗೆ ಬಲ ಬರುತ್ತದೆ ಎಂದು ವಕೀಲರು ಹೇಳಿದ್ದರಂತೆ. ದಿನಾ ಬೆಳಿಗ್ಗೆ ಬಂದು ಮನೆ ಮುಂದಿನ ಕಟ್ಟೆಯ ಮೇಲೆ ಕೂರುತ್ತಿದ್ದಳು. ಕೇಳುವುದನ್ನು ಮೊದಲ ದಿನವೇ ಕೇಳಿಯಾಗಿತ್ತು, ಆಮೇಲೆ ಸುಮ್ಮನೆ ಕೂರುವುದು. ಅಕ್ಕ ಒಂದು ಚೊಂಬು ನೀರು ಇಟ್ಟು ಒಳಗೆ ಹೋಗುತ್ತಿದ್ದಳು. “ಕೈ ಮುರಿದ್ರೂ ಬರೆದ್ ಕೊಡಲ್ಲ” ಎಂದು ನನ್ನ ಹತ್ತಿರ ಹೇಳಿದ್ದಳು. ಸರಿಯಾಗಿಯೇ ಇದೆ ಎಂದು ನಾನೂ ತಲೆ ಆಡಿಸಿದ್ದೆ.

ಅಷ್ಟರಲ್ಲಿ ಭಾವನ ಮೂರನೇ ವರ್ಷದ ತಿಥಿ ಬಂತು. ನಾನು ಜಗಳೂರಿನಿಂದ ರಜೆ ಹಾಕಿ ಹೋದೆ. ಅವರನ್ನು ಮಣ್ಣು ಮಾಡಿದ್ದು ಅವರ ಗದ್ದೆಯಲ್ಲೇ. ಅಲ್ಲಿ ಬಾಳೆ ಎಲೆ ಹಾಸಿ ಅನ್ನ, ಹೋಳಿಗೆ, ವಡೆ ಎಲ್ಲ ಬಡಿಸಿ, ಪಕ್ಕದಲ್ಲಿ ಒಂದು ಕಟ್ಟು ಬೀಡಿ ಇಟ್ಟು ಹಿಂದೆ ಸರಿದೆವು. ಹಿಂದಿನ ಎರಡು ವರ್ಷ ಎಲೆ ಬಿಟ್ಟು ತಿರುಗುವಷ್ಟರಲ್ಲಿ ಕಾಗೆ ಬಂದಿತ್ತು. ಈ ಸಲ ಬರಲಿಲ್ಲ. ಕಾಗೆ ಇರಲಿಲ್ಲ ಎಂದಲ್ಲ. ಕರೆಂಟ್ ಕಂಬದ ಮೇಲೆ ಒಂದು ಕೂತೇ ಇತ್ತು. ನಮ್ಮನ್ನು ನೋಡುವುದು, ಎಲೆಯನ್ನು ನೋಡುವುದು, ಕೂತಲ್ಲೇ ಕೂರುವುದು.

ಬಿಸಿಲು ಏರಿತು. ಮಕ್ಕಳಿಗೆ ಹಸಿವು. ಕಾಗೆ ಮುಟ್ಟದೆ ಮನೆಯಲ್ಲಿ ಯಾರೂ ಉಣ್ಣುವಂತಿಲ್ಲ. ಸತ್ತವರ ಮನಸ್ಸಿನಲ್ಲಿ ಏನೋ ಉಳಿದಿದೆ, ಮಾತು ಕೊಡಬೇಕು ಎಂದರು ಹಿರಿಯರು. ಭಾವನ ಅಣ್ಣ ಮುಂದೆ ಹೋಗಿ, “ನಿನ್ನ ಪಾಲಿನ ಗದ್ದೆ ಯಾರೂ ಮುಟ್ಟಲ್ಲ ಕಣಪ್ಪ, ಉಣ್ಣು” ಎಂದರು. ಕಾಗೆ ಜಪ್ಪಯ್ಯ ಅನ್ನಲಿಲ್ಲ. ಅವರ ಹೆಂಡತಿ ಹೋಗಿ, ನಿನ್ನ ಮಗಳ ಮದುವೆ ನಮ್ಮ ಜವಾಬ್ದಾರಿ ಎಂದರು. ಊಹೂಂ. ಯಾರೋ ಓಡಿಹೋಗಿ ಭಾವನ ಟ್ರಾನ್ಸಿಸ್ಟರ್ ತಂದು ಎಲೆ ಪಕ್ಕ ಇಟ್ಟು ಹಾಡು ಹಚ್ಚಿದರು. ಹಾಡು ಮುಗಿದು ಕೃಷಿ ವಾರ್ತೆ ಬಂತೇ ವಿನಾ ಕಾಗೆ ಬರಲಿಲ್ಲ. ನನಗೆ ಒಳಗೊಳಗೇ ನಗು.

ಕೊನೆಗೆ ಅಕ್ಕ ತಲೆ ಮೇಲೆ ಸೆರಗು ಹೊದ್ದು ಮುಂದೆ ಹೋದಳು. ಕೈ ಮುಗಿದು ನಿಂತಳು. ಬಾಯಿ ಬಿಡಲಿಲ್ಲ. ಅವಳ ಬೆನ್ನು ನೋಡುತ್ತಾ ನಿಂತ ನನಗೆ, ಎಲ್ಲಿತ್ತೋ ಏನೋ, ಸೈಕಲ್ ಮೇಲಿನ ಆ ಮಾತು ಕಿವಿಯ ಪಕ್ಕದಲ್ಲೇ ಆಡಿದಂತೆ ಕೇಳಿಸಿತು. ಹೋಳಿಗೆ ತುಪ್ಪ ಹಾಕ್ತೀಯೇನು? ನೆನಪಾಯಿತು ಎನ್ನುವುದಲ್ಲ, ಕೇಳಿಸಿತು. ‘ಆಯ್ತು ಭಾವ, ಆ ಹುಡುಗನ್ನ ಉಳಿಸೋಣ, ನೀವು ಉಣ್ರಿ’ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಯಾಕೆ ಅಂದೆನೋ ದೇವರಾಣೆ ಗೊತ್ತಿಲ್ಲ.

ಅಂದುಕೊಂಡಿದ್ದೇ ತಡ, ಕಾಗೆ ಕಂಬದಿಂದ ನೇರ ಇಳಿಯಿತು. ಅಕ್ಕನ ಕಾಲ ಬುಡದಲ್ಲೇ ನಡೆದು ಬಂದು ಅನ್ನ ಮುಟ್ಟಿತು. ಹೆದರಿಕೆ ಇಲ್ಲ, ಗಡಿಬಿಡಿ ಇಲ್ಲ, ಮನೆಯವರ ಹಾಗೆ ನಿಧಾನವಾಗಿ ತಿಂದು ಹೋಯಿತು.

“ಏನಂತ ಮಾತು ಕೊಟ್ಯವ್ವ?” ಎಂದು ಎಲ್ಲರೂ ಅಕ್ಕನನ್ನು ಮುತ್ತಿದರು. ಅವಳು ಹೇಳಲಿಲ್ಲ. ಊಟವೆಲ್ಲ ಮುಗಿದ ಮೇಲೆ ಹಿತ್ತಲಲ್ಲಿ ಬೂದಿ ಹಾಕಿ ಪಾತ್ರೆ ತಿಕ್ಕುತ್ತಿದ್ದಳು. ಅವಳೂ ನನ್ನ ಹಾಗೇ ಅಂದುಕೊಂಡಿರಬೇಕು ಎಂದು ನನಗೆ ಖಾತ್ರಿ. ಹತ್ತಿರ ಕೂತು ನಡೆದದ್ದನ್ನು ಹೇಳಿದೆ. ಅವಳ ಕೈ ನಿಂತಿತು.

“ನಾನು ಅಂದಿದ್ದು ಅದಲ್ಲ ಕಣೋ. ‘ಅವನು ನೇಣಿಗೆ ಹೋಗೋತಂಕ ನಾನು ಸುಮ್ನಿರಲ್ಲ, ನೀವು ನೆಮ್ಮದಿಯಾಗಿ ಉಣ್ರಿ’ ಅಂದೆ. ಅಂದ ತಕ್ಷಣ ಬಂತು.”

ನಾನು, “ಇಲ್ಲ ಅಕ್ಕ, ಅದು ನನ್ನ ಮಾತಿಗೆ ಬಂದಿದ್ದು” ಎಂದೆ. “ಹೆಂಡ್ತಿ ನಾನಾ ನೀನಾ?” ಎಂದಳು. ಕಾಗೆಯನ್ನು ಗೇಲಿ ಮಾಡುತ್ತಿದ್ದ ಮೇಷ್ಟ್ರು ನಾನು, ಕಾಗೆ ಯಾರ ಮಾತಿಗೆ ಬಂತು ಎಂದು ಅಕ್ಕನ ಜೊತೆ ಕೊರಳುಬ್ಬಿಸಿ ಜಗಳ ಆಡಿದೆ. ಅವಳು ಅತ್ತಳು, ನಾನೂ ಅತ್ತೆ. ಆಮೇಲೆ ಅವಳು ಮತ್ತೆ ಪಾತ್ರೆ ತಿಕ್ಕತೊಡಗಿದಳು.

ಮರುದಿನ ಬೆಳಿಗ್ಗೆ ಹಾಲೇಶನ ತಾಯಿ ಎಂದಿನಂತೆ ಬಂದು ಕಟ್ಟೆಯ ಮೇಲೆ ಕೂತಳು. ಅಕ್ಕ ನೀರಿನ ಚೊಂಬು ಇಟ್ಟವಳು ಒಳಗೆ ಬರಲಿಲ್ಲ. ಅವಳ ಪಕ್ಕದಲ್ಲೇ ಕೂತಳು. ಇಬ್ಬರೂ ಬೀದಿ ನೋಡುತ್ತಾ ಬಹಳ ಹೊತ್ತು ಕೂತಿದ್ದರು. ಆಮೇಲೆ ಅಕ್ಕ ನನ್ನನ್ನು ಕೂಗಿ, “ಕಾಗ್ದ ಪೆನ್ನು ತಗಂಡ್ ಬಾ, ಅದೇನ್ ಬರೀಬೇಕೋ ಬರಿ” ಎಂದಳು.

“ಹಂಗಾರೆ ಭಾವ ನನ್ನ ಮಾತಿಗೇ ಬಂದ್ರು ಅಂತ ಒಪ್ಕಂಡೆ?” ಎಂದೆ. ಬಾಯಿ ಸುಮ್ಮನಿರಬೇಕಲ್ಲ.

“ಅವ್ರು ಯಾರ ಮಾತಿಗಾರ ಬರ್ಲಿ. ನಾಳೆ ಇವ್ನು ನೇಣಿಗೆ ಹೋದ್ರೆ, ಈ ಯವ್ವನೂ ಎಲೆ ಹಾಕ್ಕಂಡು ಕಾಗೆ ಕಾಯಾಕೆ ನಿಲ್ತಾಳೆ. ಇವ್ಳು ಏನಂತ ಮಾತು ಕೊಡ್ತಾಳೆ ಹೇಳು?”

ನಾನು ಬರೆದೆ. ಅಕ್ಕ ಸಹಿ ಹಾಕಿದಳು. ಆ ತಾಯಿ ಅಕ್ಕನ ಕಾಲು ಹಿಡಿಯಲು ಬಗ್ಗಿದಾಗ ಅಕ್ಕ ಕಾಲು ಹಿಂದಕ್ಕೆ ಎಳೆದುಕೊಂಡಳು. ಭಾವನ ಅಣ್ಣ ಬಹಳ ಕಾಲ ನಮ್ಮಿಬ್ಬರನ್ನೂ ಮಾತಾಡಿಸಲಿಲ್ಲ.

ಗಲ್ಲು ತಪ್ಪಿ ಜೀವಾವಧಿ ಆಯಿತು. ಆ ಕಾಗದದಿಂದಲೇ ಆಯಿತೋ ಏನೋ, ನನಗೆ ಗೊತ್ತಿಲ್ಲ. ಎಂಬತ್ತರ ದಶಕದ ಕೊನೆಗೆ ಹಾಲೇಶ ಬಿಡುಗಡೆಯಾಗಿ ಊರಿಗೆ ಬಂದ. ತಲೆ ನರೆತಿತ್ತು, ತಾಯಿ ಇನ್ನೂ ಇದ್ದಳು. ಕ್ಷಮಿಸಿದೆಯಾ ಅಕ್ಕ ಎಂದು ಒಮ್ಮೆ ಕೇಳಿದ್ದಕ್ಕೆ ನನ್ನ ಮೇಲೆ ರೇಗಿದಳು. “ಯಾರ್ ಹೇಳಿದ್ರು ನಿಂಗೆ? ಅವ್ನು ಚಾನಲ್ ಏರಿ ಮೇಲೆ ನಡ್ಕಂಡ್ ಹೋಗೋದು ಕಂಡ್ರೆ ಹೊಟ್ಟೆ ಉರೀತೈತೆ. ಸತ್ತೋಗಿದ್ರೂ ಉರೀತಿತ್ತು.”

ಇನ್ನೊಂದು ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ನಡುವಿನ ಅಷ್ಟೂ ವರ್ಷ ಭಾವನ ಎಡೆಗೆ ಕಾಗೆ ತಡಮಾಡದೆ ಬಂದಿತ್ತು. ಹಾಲೇಶ ಊರಿಗೆ ಬಂದ ವರ್ಷ ಮಾತ್ರ ಬರಲೇ ಇಲ್ಲ. ಎಲ್ಲರೂ ಕರೆದರು, ಮಾತು ಕೊಟ್ಟರು, ನಾನೂ ಮನಸ್ಸಿನಲ್ಲಿ ಏನೇನೋ ಅಂದುಕೊಂಡೆ. ಹೊತ್ತು ಇಳಿಯಿತು. ಭಾವನಿಗೆ ಕೊನೆಗೂ ಸಿಟ್ಟು ಬಂತೋ, ಅಂದು ಕಾಗೆ ಬಂದಿದ್ದು ಅಕ್ಕನ ಮಾತಿಗೇ ಇತ್ತೋ, ಅಥವಾ ಈ ಸಲ ಕಾಗೆಗೆ ಹಸಿವೇ ಇರಲಿಲ್ಲವೋ, ನನಗೆ ಇವತ್ತಿಗೂ ತಿಳಿದಿಲ್ಲ. ಎಲ್ಲರೂ ಅಕ್ಕನ ಮುಖ ನೋಡಿದರು. ಅಕ್ಕ ಎದ್ದು ಸೀರೆ ಕೊಡವಿಕೊಂಡು, ಎಲೆಯ ಕಡೆ ತಿರುಗಿ, ಬದುಕಿದ್ದ ಗಂಡನಿಗೆ ಹೇಳುವ ಹಾಗೆಯೇ ಹೇಳಿದಳು.

“ಸಿಟ್ಟು ಮಾಡ್ಕಂಡ್ರೆ ಮಾಡ್ಕಳ್ರಿ. ಬರೆದ್ ಕೊಟ್ಟಿದ್ದನ್ನ ನಾನು ವಾಪಸ್ ತಗಳಲ್ಲ.”

ಆಮೇಲೆ ಎಡೆಯನ್ನು ತಾನೇ ಎತ್ತಿ ಹಸುವಿಗೆ ಹಾಕಿ, ಮಕ್ಕಳನ್ನು ಊಟಕ್ಕೆ ಕೂರಿಸಿದಳು.