ಒಲೆಯಲ್ಲಿ ಬೆಂದ ಸ್ಕೇಟುಗಳು

ನನ್ನ ಅಳಿಯನ ಕೆಲಸವೇನು ಎಂದು ಮೈಸೂರಿನಲ್ಲಿ ಯಾರಾದರೂ ಕೇಳಿದರೆ ‘ಆಟ ಆಡ್ತಾನೆ’ ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದೆ. ನಮ್ಮ ಬೀದಿಯವರಿಗೆ ಹಾಕಿಯೂ ಗೊತ್ತು, ಐಸೂ ಗೊತ್ತು, ಎರಡೂ ಸೇರಿದ್ದು ಮಾತ್ರ ಗೊತ್ತಿಲ್ಲ. ಮದುವೆಗೆ ಬಂದಿದ್ದ ನಮ್ಮ ಭಾವ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, “ಹೋದ್ ವರ್ಷ ಎಷ್ಟು ಗೋಲ್ ಹೊಡೆದ್ಯಪ್ಪಾ?” ಎಂದು ಕೇಳಿದರು. ಮಗಳು ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಅವನು ಒಂದು ಬೆರಳು ಎತ್ತಿ ತೋರಿಸಿದ. ಭಾವ ಊಟಕ್ಕೆ ಎದ್ದರು.

ಅವನು ಗೋಲು ಹೊಡೆಯುವವನಲ್ಲ, ತಡೆಯುವವನು. ಇದು ನನಗೆ ಅರ್ಥವಾಗಿದ್ದು ನೈರೋಬಿಗೆ ಬಂದ ಮೇಲೆ, 2016ರಲ್ಲಿ. ಮಗಳ ಬಾಣಂತನಕ್ಕೆಂದು ಬಂದಿದ್ದೆ. ಅವಳಿಗೆ ರಿವರ್‌ಸೈಡಿನ ಒಂದು ದೊಡ್ಡ ಸಂಸ್ಥೆಯಲ್ಲಿ ಕೆಲಸ, ಮನೆ ಹೈರಿಡ್ಜಿನಲ್ಲಿ ಮೂರನೇ ಮಹಡಿ. ಕೆಳಗೆ ಇಳಿದರೆ ಗುಜರಾತಿಯವರ ಅಂಗಡಿಯಲ್ಲಿ ಕರಿಬೇವು, ಮೆಂತ್ಯ, ಬೆಲ್ಲ ಎಲ್ಲ ಸಿಗುತ್ತಿತ್ತು. ಆದ್ದರಿಂದ ಬೇರೆ ದೇಶಕ್ಕೆ ಬಂದೆ ಎಂಬ ಭಯ ನನಗೆ ಆಗಲೇ ಇಲ್ಲ. ಚಳಿಗೆ ಮಾತ್ರ ನಾನು ತಯಾರಿರಲಿಲ್ಲ. ಆಫ್ರಿಕಾ ಎಂದರೆ ಬಿಸಿಲು ಎಂದುಕೊಂಡು ಒಂದೇ ಸ್ವೆಟರ್ ತಂದಿದ್ದೆ.

ಅಳಿಯ ಕೆನಡಾದವನು. ಹದಿಮೂರು ವರ್ಷ ಆಡಿದ, ಹನ್ನೊಂದು ತಂಡಗಳಿಗೆ. ಟೀವಿಯಲ್ಲಿ ಬರುವ ದೊಡ್ಡ ತಂಡಗಳಲ್ಲ, ಅವುಗಳ ಕೆಳಗಿನವು, ಅದಕ್ಕೂ ಕೆಳಗಿನವು. ಯಾವನಿಗೋ ಮೂಳೆ ಮುರಿದರೆ ಇವನಿಗೆ ಫೋನು. ಇವನು ಚೀಲ ಹೊತ್ತು ಹೋಗುವುದು, ಆ ಊರಿನಲ್ಲಿ ಯಾರದೋ ಮನೆಯ ನೆಲಮಾಳಿಗೆಯಲ್ಲಿ ಮಲಗುವುದು, ಎದುರು ತಂಡದವನು ಹೊಡೆದ ಕಪ್ಪು ರಬ್ಬರ್ ಬಿಲ್ಲೆಗೆ ಮೈ ಅಡ್ಡ ಒಡ್ಡಿ ಬೀಳುವುದು. ಮುರಿದ ಮೂಳೆ ಕೂಡಿಕೊಂಡು ಅವನು ವಾಪಸು ಬಂದರೆ ಇವನು ಮತ್ತೆ ಚೀಲ ಹೊತ್ತುಕೊಳ್ಳುವುದು. ಮೇಲಿನ ಎರಡು ಹಲ್ಲು ಕಟ್ಟಿಸಿದ್ದು. ಮನೆಯಲ್ಲಿದ್ದಾಗ ಅವನ್ನು ತೆಗೆದಿಟ್ಟು ಕಾಫಿ ಕುಡಿಯುತ್ತಿದ್ದ.

“ನಿನ್ ಮಗಳಿಗೂ ಹಲ್ಲಿಲ್ಲ, ನಿಂಗೂ ಇಲ್ಲ. ಇಬ್ರಿಗೂ ಒಂದೇ ಗಂಜಿ ಮಾಡ್ಲಾ?” ಎಂದು ನಾನು ಕೇಳುತ್ತಿದ್ದೆ.

“ಮಾಡಿ ಅಮ್ಮ. ಉಪ್ಪಿನಕಾಯಿ ನನಗೆ ಮಾತ್ರ,” ಎನ್ನುತ್ತಿದ್ದ. ಮಗಳ ಜೊತೆ ಎಂಟು ವರ್ಷ ಇದ್ದು ಅಡುಗೆಮನೆಯ ಕನ್ನಡ ಕಲಿತಿದ್ದ. ಮಿಕ್ಕದ್ದಕ್ಕೆ ಇಂಗ್ಲಿಷ್ ಸೇರಿಸುತ್ತಿದ್ದ. ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಅವನ ಮಾತು ನನಗೆ ತಿಳಿಯುತ್ತಿತ್ತು. ನಿಧಾನವಾಗಿ ಮಾತಾಡುವವನು.

ನೈರೋಬಿಯಲ್ಲಿ ಒಂದು ಹೋಟೆಲಿನ ಒಳಗೆ ಐಸ್ ಹಾಸಿದ ಅಂಗಳವಿತ್ತು. ಒಂದು ದಿನ ನನ್ನನ್ನೂ ಕರೆದುಕೊಂಡು ಹೋದ. ಹೊರಗೆ ಮಟಾಟು ಎನ್ನುವ ಬಾಡಿಗೆ ವ್ಯಾನುಗಳ ಹಾಡು, ಹಾರನ್ನು. ಒಳಗೆ ನಾನು ಶಾಲು, ಮಂಕಿ ಕ್ಯಾಪು, ಅವನ ಒಂದು ಕೋಟು. ನಮ್ಮ ಕಲ್ಯಾಣಮಂಟಪದ ಊಟದ ಮನೆಯಷ್ಟೂ ಇಲ್ಲ ಅದು. ಊರಿನ ಹುಡುಗರು, ಹುಡುಗಿಯರು ಹತ್ತು ಹನ್ನೆರಡು ಜನ ಇವನ ಹತ್ತಿರ ಕಲಿಯುತ್ತಿದ್ದರು. ಅವನು ಮುಖ ಅವರ ಕಡೆಗೇ ಇಟ್ಟುಕೊಂಡು ಹಿಂದಕ್ಕೆ ಜಾರುತ್ತ ಹೋಗುತ್ತಿದ್ದ. ಎಷ್ಟು ಹೊತ್ತು ನೋಡಿದರೂ ಅವನು ಹಿಂದಕ್ಕೇ ಹೋಗುತ್ತಿದ್ದ. ತಡೆಯುವವನು ಹಾಗೇ ಆಡಬೇಕಂತೆ, ಬರುವವನಿಗೆ ಬೆನ್ನು ತೋರಿಸಬಾರದಂತೆ. ಮನೆಯಲ್ಲಿ ಬಾಗಿಲಿಗೆ ತಲೆ ಹೊಡೆಸಿಕೊಳ್ಳುವ ಮನುಷ್ಯ ಅಲ್ಲಿ ನೀರಿನ ಹಾಗೆ ಇದ್ದ. ಅದನ್ನು ನೋಡಿ ನನಗೆ ಹೆದರಿಕೆಯಾಯಿತು. ಇಷ್ಟು ಚೆನ್ನಾಗಿ ಬರುವ ಕೆಲಸವನ್ನು ಯಾರು ಬಿಡುತ್ತಾರೆ?

ಹೆದರಿಕೆಗೆ ಕಾರಣವಿತ್ತು: ಆಗಸ್ಟಿನಲ್ಲಿ ಅವನಿಗೆ ಒಂದು ಕರೆ ಬಂದಿತ್ತು. ಯೂರೋಪಿನ ಚಳಿ ದೇಶದ ಒಂದು ತಂಡ. ಅವರ ಒಬ್ಬ ತಡೆಯುವವನು ಮೊಣಕಾಲು ಮುರಿದುಕೊಂಡಿದ್ದ. ಹತ್ತು ದಿನದೊಳಗೆ ಬಾ, ಮಾರ್ಚ್‌ವರೆಗೆ ಇರು ಎಂದಿದ್ದರು. ಮಗುವಿಗೆ ಆಗ ಎರಡೂವರೆ ತಿಂಗಳು. ಮಗಳು ಆಫೀಸಿಗೆ ಹೋಗತೊಡಗಿದ್ದಳು. ನನ್ನ ವೀಸಾ ಸೆಪ್ಟೆಂಬರಿಗೆ ಮುಗಿಯುತ್ತಿತ್ತು. ಇವನು ಹೋದರೆ ಅವಳೊಬ್ಬಳೇ, ಕೂಸಿನ ಜೊತೆ. ಮನೆಗೆಲಸಕ್ಕೆ ಬರುವ ಹೆಂಗಸು ಒಳ್ಳೆಯವಳೇ, ಆದರೆ ಅವಳೂ ಸಂಜೆಗೆ ತನ್ನ ಮಕ್ಕಳ ಹತ್ತಿರ ಹೋಗುವವಳು.

ಮಗಳು ಅವನಿಗೆ, “ನಿನ್ನಿಷ್ಟ,” ಎಂದು ಹೇಳಿದ್ದಳು. ಹೇಳಿ, ಪಾತ್ರೆಗಳನ್ನು ಜೋರಾಗಿ ಇಟ್ಟಿದ್ದಳು.

“ಬೇಡ ಅಂತ ಬಾಯ್ಬಿಟ್ಟು ಹೇಳ್ಬಾರ್ದೇನೇ?” ಎಂದು ನಾನು ಕೇಳಿದೆ.

“ನಾನ್ ಬೇಡ ಅಂದ್ರೆ ಇರ್ತಾನಮ್ಮ. ಇದ್ದು, ಲೈಫ್ ಲಾಂಗ್ ಕಿಟಕಿ ನೋಡ್ತಾ ಕೂತಿರ್ತಾನೆ. ಅದು ಬೇಡ ನಂಗೆ.”

ಅವಳು ಹೇಳಿದ್ದು ಸರಿ. ಹಾಗಾಗಿ ನಾನೂ ಬಾಯಿ ಮುಚ್ಚಿಕೊಂಡೆ. ನನಗೆ ಅದು ಸುಲಭವಲ್ಲ.

ಉತ್ತರ ಹೇಳಬೇಕಾದ ಶುಕ್ರವಾರದ ಹಿಂದಿನ ದಿನ, ಅಡುಗೆಮನೆಯಲ್ಲಿ ರಬ್ಬರು ಕಾದ ವಾಸನೆ. ಹೋಗಿ ನೋಡಿದರೆ ಓವನ್ನಿನೊಳಗೆ ದೀಪದ ಕೆಳಗೆ ಒಂದು ಹೊಸ ಸ್ಕೇಟು. ಹಿಂದಿನ ದಿನ ಬ್ರೆಡ್ಡು ಬೇಯಿಸಿದ ತಟ್ಟೆಯ ಮೇಲೆ, ಟವೆಲ್ ಹಾಸಿ.

“ಅಯ್ಯೋ ನಿನ್ನ! ಕಾಲಿಗೆ ಹಾಕೋದನ್ನ ಒಲೇಲಿ ಇಟ್ಟಿದ್ದೀಯಲ್ಲೋ! ಮನೆಹಾಳು ಬುದ್ಧಿ ಯಾರು ಕಲಿಸಿದ್ದು?”

“ಹೊಸದು ಅಮ್ಮ. ನೆಲ ಮುಟ್ಟಿಲ್ಲ,” ಎಂದು ಎರಡೂ ಕೈ ಎತ್ತಿದ.

ಅವರ ಕಸುಬಿನಲ್ಲಿ ಅದು ಪದ್ಧತಿಯಂತೆ. ಹೊಸ ಸ್ಕೇಟನ್ನು ಕೆಲವು ನಿಮಿಷ ಬಿಸಿ ಮಾಡಿ, ಮೆತ್ತಗಾದಾಗ ಕಾಲು ತೂರಿಸಿ, ಲಾಡಿ ಬಿಗಿದು ಕೂರಬೇಕು. ಆರುವಾಗ ಅದು ಕಾಲಿನ ಆಕಾರಕ್ಕೆ ಬರುತ್ತದೆ. ಆರುವವರೆಗೆ ಏಳುವ ಹಾಗಿಲ್ಲ. ಎದ್ದು ಭಾರ ಹಾಕಿದರೆ ಆಕಾರ ಕೆಟ್ಟು ಸ್ಕೇಟು ಹಾಳು. ಇದನ್ನೆಲ್ಲ ಅವನು ವಿವರಿಸುತ್ತಿದ್ದರೆ ನನ್ನ ಕಿವಿಗೆ ಬಿದ್ದದ್ದು ಒಂದೇ: ಹೊಸ ಸ್ಕೇಟು ಕಾಯಿಸುತ್ತಿದ್ದಾನೆ, ಅಂದರೆ ಹೊರಟಿದ್ದಾನೆ. ಆ ತಟ್ಟೆಯನ್ನು ಇನ್ನು ಅಡುಗೆಗೆ ಮುಟ್ಟಬೇಡ ಎಂದು ಹೇಳಿ ಕೂಸನ್ನು ಎತ್ತಿಕೊಂಡು ಹೊರಗೆ ಬಂದೆ.

ಎಣ್ಣೆ ಹಚ್ಚುವ ಹೊತ್ತಾಗಿತ್ತು. ಹಾಲ್‌ನಲ್ಲಿ ಬಿಸಿಲು ಬೀಳುವ ಕಡೆ ಚಾಪೆ ಹಾಸಿ, ಗೋಡೆಗೆ ಒರಗಿ, ಸೀರೆ ಮೊಣಕಾಲಿನವರೆಗೆ ಎತ್ತಿ, ಕಾಲು ಉದ್ದ ಚಾಚಿ ಕೂತೆ. ಕೂಸನ್ನು ಕಾಲುಗಳ ಮೇಲೆ ಮಲಗಿಸಿ ಬಿಸಿ ಕೊಬ್ಬರಿ ಎಣ್ಣೆ ತಿಕ್ಕತೊಡಗಿದೆ. ಹಾಗೆ ಕೂತರೆ ನನ್ನ ಮೊಣಕಾಲಿಗೆ ಒಬ್ಬಳೇ ಏಳಲು ಆಗುವುದಿಲ್ಲ. ಯಾರಾದರೂ ಮೊದಲು ಮಗುವನ್ನು ತೆಗೆದುಕೊಳ್ಳಬೇಕು, ಆಮೇಲೆ ನನಗೆ ಕೈ ಕೊಡಬೇಕು. ಮಗಳು ಆಫೀಸಿಗೆ ಹೋಗಿದ್ದಳು. ಕೆಲಸದವಳು, “ಶೋಶೋ, ಸೊಪ್ಪು ತರ್ತೀನಿ,” ಎಂದು ತನ್ನ ಭಾಷೆಯಲ್ಲಿ ಹೇಳಿ, ಸನ್ನೆ ಮಾಡಿ ಮಾರ್ಕೆಟ್ಟಿಗೆ ಇಳಿದಿದ್ದಳು. ಅಜ್ಜಿಯರನ್ನು ಅಲ್ಲಿ ಶೋಶೋ ಎನ್ನುತ್ತಾರೆ. ಅಳಿಯ ಇದ್ದಾನಲ್ಲ ಎಂದು ನಾನು ಕೂತೆ. ಅಮ್ಮ ಇದ್ದಾರಲ್ಲ ಎಂದು ಅವನು ಎದುರಿನ ಕುರ್ಚಿಯಲ್ಲಿ ಬಿಸಿ ಸ್ಕೇಟು ಹಾಕಿಕೊಂಡು ಲಾಡಿ ಬಿಗಿದ. ಇಬ್ಬರೂ ಒಬ್ಬರನ್ನೊಬ್ಬರು ಕೇಳಲಿಲ್ಲ.

ಆಗ ಮಲಗುವ ಕೋಣೆಯಲ್ಲಿ ಅವನ ಫೋನು ಹೊಡೆದುಕೊಂಡಿತು.

“ಅಮ್ಮ, ಪ್ಲೀಸ್, ಫೋನ್. ತಂಡದವರು.”

“ನಾನೆಲ್ಲಿ ಏಳ್ಲಿ? ನೀನೇ ಹೋಗು.”

“ಎದ್ದರೆ ಹಾಳು.”

“ನಾನೆದ್ರೆ ನಿನ್ ಮಗಳು ಬೀಳ್ತಾಳೆ. ಎಣ್ಣೆ ಹಚ್ಚಿದ ಕೂಸು, ಮೀನಿನ ಹಾಗೆ ಜಾರುತ್ತೆ.”

ಫೋನು ನಿಂತಿತು. ಮತ್ತೆ ಹೊಡೆಯಿತು. ಅವನು ಕುರ್ಚಿಯ ಕೈ ಹಿಡಿದು ಬಾಗಿಲ ಕಡೆ ನೋಡಿದ. ನಾನು ಅವನನ್ನೇ ನೋಡುತ್ತಿದ್ದೆ. ಮತ್ತೆ ನಿಂತಿತು. ಕೂಸು ನಮ್ಮಿಬ್ಬರ ನಡುವೆ ಕೈಕಾಲು ಬಡಿಯುತ್ತ ಸೂರು ನೋಡುತ್ತಿತ್ತು. ನಮಗೆ ನಗು ಬಂತು. ಮೊದಲು ನಕ್ಕವನು ಅವನೇ.

“ನಿಮಗೆ ಎಷ್ಟು ಮಕ್ಕಳು ಆಯಿತು, ಹೀಗೆ ಕಾಲು ಮೇಲೆ?” ಎಂದು ಕೇಳಿದ.

ಲೆಕ್ಕ ಇಟ್ಟಿರಲಿಲ್ಲ. ನಾನು ಮೂವತ್ತಕ್ಕೆ ಗಂಡನನ್ನು ಕಳೆದುಕೊಂಡವಳು. ಅವತ್ತಿನಿಂದ ನಮ್ಮ ಬಳಗದಲ್ಲಿ ಯಾರಿಗೆ ಹೆರಿಗೆಯಾದರೂ ನನ್ನನ್ನೇ ಕರೆಯುತ್ತಿದ್ದರು. ಟ್ರಂಕು, ಎರಡು ಸೀರೆ, ಜೊತೆಗೆ ನನ್ನ ಮಗಳು. ಮಂಡ್ಯ, ತುಮಕೂರು, ಹಾಸನ, ಭದ್ರಾವತಿ. ಮೂರು ತಿಂಗಳು ಎಣ್ಣೆ, ನೀರು, ಸಾಂಬ್ರಾಣಿ, ಬಾಣಂತಿಗೆ ಮೆಣಸಿನ ಸಾರು. ಮಗುವಿಗೆ ಕತ್ತು ನಿಂತರೆ, “ಇನ್ನು ಪರವಾಗಿಲ್ಲ, ನಾವೇ ನೋಡ್ಕೋತೀವಿ,” ಎನ್ನುತ್ತಿದ್ದರು. ಮರುದಿನ ಬಸ್ಸು. ಇದನ್ನು ಹೇಳಿದಾಗ ಅವನು ಮುಂದಕ್ಕೆ ಬಾಗಿ ಕೇಳುತ್ತಿದ್ದ.

“ನನ್ನದೂ ಅದೇ,” ಎಂದ. ಬಟ್ಟೆ ಬದಲಿಸುವ ಕೋಣೆಯಲ್ಲಿ ಪ್ರತಿಯೊಬ್ಬನ ಬಟ್ಟೆ ತೂಗುಹಾಕುವ ಮೊಳೆಯ ಮೇಲೂ ಒಂದು ಬಿಳಿ ಟೇಪಿನಲ್ಲಿ ಹೆಸರು ಬರೆದು ಅಂಟಿಸುತ್ತಾರಂತೆ. ಒಂದು ಊರಿನಲ್ಲಿ ಬೆಳಿಗ್ಗೆ ಹೋದರೆ ಇವನ ಮೊಳೆಯ ಮೇಲೆ ಬೇರೆ ಹೆಸರಿತ್ತಂತೆ. ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಇವನು ಚೀಲ ತುಂಬಿಕೊಳ್ಳುವಾಗ ಹೊಸಬ ಬಂದು, ಇದು ನನ್ನ ಜಾಗವಾ ಎಂದು ಕೇಳಿದನಂತೆ. ಹೌದು ಎಂದು ಹೇಳಿ ಅವನ ಕೈ ಕುಲುಕಿ ಬಂದನಂತೆ.

“ಹನ್ನೊಂದು ತಂಡ, ಅಮ್ಮ. ಹನ್ನೊಂದು ಸಲವೂ ಅವರೇ ಹೇಳಿದ್ದು, ಸಾಕು ಅಂತ.”

ನಾನು ಕೂಸಿನ ಬೆನ್ನು ತಿಕ್ಕುತ್ತಿದ್ದೆ. ಅವನು ಕೇಳಿದ, “ನೀವು ಯಾವಾಗ ಬಿಟ್ಟಿದ್ದು, ಮನೆಮನೆಗೆ ಹೋಗೋದು?”

“ಹಾಸನದಲ್ಲಿ, ತಂಗಿ ಸೊಸೆ ಬಾಣಂತನದಲ್ಲಿ. ಕೂತೋಳು ಏಳಕ್ಕಾಗ್ಲಿಲ್ಲ. ಇಬ್ರು ಬಂದು ಎತ್ತಿದ್ರು. ಅವತ್ತೇ ಹೇಳ್ದೆ, ಇದೇ ಕೊನೇದು, ಇನ್ನು ಯಾರೂ ಕರೀಬೇಡಿ ಅಂತ. ಅವರು ಹೇಳೋ ಮೊದ್ಲು ನಾನೇ ಹೇಳ್ದೆ.”

“ಬೇಜಾರ್ ಆಯಿತಾ?”

“ಆಯ್ತು. ಆಗ್ದೆ ಇರುತ್ತಾ? ಒಂದು ವಾರ ಯಾರ್ ಜೊತೆನೂ ಮಾತಾಡ್ಲಿಲ್ಲ. ನಿನ್ ಹೆಂಡ್ತಿ ಬಸುರಿ ಅನ್ನೋ ಸುದ್ದಿ ಬಂದಾಗ ಮಾತ್ರ ನಾನೇ ಬರ್ತೀನಿ ಅಂದೆ. ಯಾರೂ ಕರೆಯೋದು ಬೇಕಿರ್ಲಿಲ್ಲ.”

ಇರು ಎಂದು ನಾನು ಹೇಳಲಿಲ್ಲ. ಅವನು ಇರಲಿ ಎಂಬ ಆಸೆ ಹೊಟ್ಟೆಯೊಳಗೆ ಇತ್ತು, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಆದರೆ ಅವನು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟೆ.

ಇಪ್ಪತ್ತು ನಿಮಿಷವಾಗಿರಬೇಕು. ಅವನು ಸ್ಕೇಟು ಮುಟ್ಟಿ ನೋಡಿ ಲಾಡಿ ಬಿಚ್ಚಿದ. ಬರಿಗಾಲಲ್ಲಿ ಬಂದು ಕೂಸನ್ನು ಎದೆಗೆ ಹಾಕಿಕೊಂಡ. ಅಂಗಿಯೆಲ್ಲ ಎಣ್ಣೆ. ಇನ್ನೊಂದು ಕೈಯಲ್ಲಿ ನನ್ನನ್ನು ಚೀಲದ ಹಾಗೆ ಎತ್ತಿ ನಿಲ್ಲಿಸಿದ. ಆಮೇಲೆ ಕೋಣೆಗೆ ಹೋಗಿ ಫೋನು ಮಾಡಿದ. ಬಾಗಿಲು ತೆರೆದೇ ಇತ್ತು. ಅವನು ಹೇಳಿದ್ದರಲ್ಲಿ ನನಗೆ ತಿಳಿದದ್ದು ‘ಥ್ಯಾಂಕ್ಯೂ’, ‘ನೋ’, ಮತ್ತೆ ‘ಮೈ ಡಾಟರ್’. ಆ ಕಡೆಯವರು ಏನೋ ಹೆಚ್ಚು ಹೇಳಿದರು. ಇವನು ಮತ್ತೆ ‘ನೋ’ ಎಂದ, ಈ ಸಲ ಮೆತ್ತಗೆ. ಫೋನು ಇಟ್ಟ ಮೇಲೂ ಬಹಳ ಹೊತ್ತು ಹೊರಗೆ ಬರಲಿಲ್ಲ. ನಾನು ಸ್ನಾನದ ನೀರು ಕಾಯಿಸಲು ಹೋದೆ. ಅಂಥ ಹೊತ್ತಿನಲ್ಲಿ ಗಂಡಸಿನ ಮುಖ ನೋಡಬಾರದು.

ಸಂಜೆ ಮಗಳು ಬಂದು ಚಪ್ಪಲಿ ಬಿಡುತ್ತಿದ್ದ ಹಾಗೇ ಅವನು ಹೋಗುವುದಿಲ್ಲ ಎಂದು ಹೇಳಿಬಿಟ್ಟ. ಅವಳು ಒಂದು ಚಪ್ಪಲಿ ಕಾಲಲ್ಲೇ ಇಟ್ಟುಕೊಂಡು ನಿಂತಳು.

“ಅವ್ರು ಬೇಡ ಅಂದ್ರಾ?”

“ಇಲ್ಲ. ನಾನು.”

“ನೀನೇ? ನೀನಾಗಿ ನೀನೇ ಹೇಳಿದ್ದಾ?” ಎಂದು ಕೇಳಿ ನನ್ನ ಕಡೆ ತಿರುಗಿದಳು. “ಅಮ್ಮ, ನೀನೇನಾದ್ರೂ ಅಂದ್ಯಾ?”

“ನಾನ್ಯಾಕೆ ಅನ್ಲಿ? ಕೂಸಿಗೆ ಎಣ್ಣೆ ಹಚ್ತಿದ್ದೆ.”

ಅವಳು ಮುಖ ತೊಳೆಯಲು ಹೋದಳು. ನೀರು ಬಹಳ ಹೊತ್ತು ಹರಿಯಿತು. ಅವನು ಬಚ್ಚಲ ಬಾಗಿಲ ಹೊರಗೆ ನೆಲದ ಮೇಲೆ ಕೂತ, ಕಾಲು ಚಾಚಿ, ಬೆನ್ನು ಗೋಡೆಗೆ ಕೊಟ್ಟು. ಆ ಬಾಗಿಲ ಮುಂದೆ ಅವನ ಕಾಲು ದಾಟಿಕೊಂಡು ಓಡಾಡಲು ನನಗೆ ಕಷ್ಟವಾಯಿತು. ಆದರೂ ಏಳು ಎನ್ನಲಿಲ್ಲ. ಮುಂದಿನ ಒಂದು ವಾರ ಅವನು ಯಾರ ಜೊತೆಯೂ ಹೆಚ್ಚು ಮಾತಾಡಲಿಲ್ಲ, ನಾವೂ ಮಾತಾಡಿಸಲಿಲ್ಲ. ಅನ್ನಕ್ಕೆ ಮಾತ್ರ ಹೊತ್ತುಹೊತ್ತಿಗೆ ಕರೆಯುತ್ತಿದ್ದೆ, ಅವನು ಬಂದು ಉಣ್ಣುತ್ತಿದ್ದ.