ಪಿಸ್ತೂಲಿನ ಮೇಲೆ ಉಳಿದ ಜಾಗ

ಕಳೆದ ವಾರ ಹಿರಿಯೂರಿನ ಪಾತ್ರೆ ಅಂಗಡಿಯೊಂದರಲ್ಲಿ ಗೆಳೆಯನ ಗೃಹಪ್ರವೇಶಕ್ಕೆಂದು ಸ್ಟೀಲ್ ಕೊಡ ಕೊಂಡೆ. "ಹೆಸರು ಹಾಕ್ಬೇಕಾ ಸಾರ್?" ಎಂದರು ಅಂಗಡಿಯವರು. ನಾನು ಹೂಂ ಎನ್ನುವ ಮೊದಲೇ ಮೂಲೆಯಲ್ಲಿದ್ದ ಯಂತ್ರ ಜುಂಯ್ ಎಂದು ಶುರುವಾಯಿತು. ಆ ಸದ್ದು ನಿಮಗೂ ಗೊತ್ತು. ಅದನ್ನು ಕೇಳಿದರೆ ನಿಮಗೆ ಹಲ್ಲಿನ ಡಾಕ್ಟರು ನೆನಪಾಗಬಹುದು. ನನಗೆ ನಮ್ಮ ಚಿಕ್ಕಪ್ಪನ ಪಿಸ್ತೂಲು ನೆನಪಾಗುತ್ತದೆ.

ಪಿಸ್ತೂಲು ಎಂದ ಕೂಡಲೇ ನೆಟ್ಟಗೆ ಕೂರಬೇಡಿ. ಅದರಿಂದ ಗುಂಡು ಹಾರುವುದಿಲ್ಲ, ನಳಿಗೆಗೆ ತೂತೇ ಇಲ್ಲ. ಆದಿವಾಲದ ನಮ್ಮ ಚಿಕ್ಕಪ್ಪ ತಿಪ್ಪೇಸ್ವಾಮಿ ಸೈನ್ಯದಲ್ಲಿ ಹವಾಲ್ದಾರರಾಗಿದ್ದು ನಿವೃತ್ತರಾದವರು. ಅವರಿದ್ದ ಪಡೆ ತನ್ನ ಯಾವುದೋ ಉತ್ಸವಕ್ಕೆ ಹಳಬರಿಗೆಲ್ಲ ಕೊಟ್ಟ ಹಿತ್ತಾಳೆಯ ಸ್ಮರಣಿಕೆ ಅದು. ಕೆಂಪು ಮಖಮಲ್ ಹಾಸಿದ ಮರದ ಪೆಟ್ಟಿಗೆಯಲ್ಲಿ ಮದುಮಗನ ಹಾಗೆ ಮಲಗಿಕೊಂಡು ಬಂದಿತ್ತು. ಮೈತುಂಬ ಕೆತ್ತನೆ: ನಳಿಗೆಯಿಂದ ಹಿಡಿಯವರೆಗೂ ಹಬ್ಬಿದ ಬಳ್ಳಿ, ಪಕ್ಕದಲ್ಲಿ ಹಿಮದ ಬೆಟ್ಟಗಳು, ಒಂದು ಹಕ್ಕಿ. ಹಕ್ಕಿ ಗಿಡುಗವೆಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಪಿಸ್ತೂಲಿಗೆ ಗಿಡುಗ ಚೆನ್ನಾಗಿ ಹೊಂದುತ್ತದೆ ಎಂಬ ಕಾರಣಕ್ಕೇ ಈಗ ನನಗೆ ಅನುಮಾನ. ಹಿಡಿಯ ಮೇಲೆ ಮಾತ್ರ ಎರಡು ಬೆರಳಗಲದ ನುಣುಪಾದ ಜಾಗ ಖಾಲಿ ಇತ್ತು. ಪಡೆದವರು ತಮಗೆ ಬೇಕಾದ್ದನ್ನು ಬರೆಸಿಕೊಳ್ಳಲಿ ಎಂದು ಬಿಟ್ಟದ್ದು.

ಪೆಟ್ಟಿಗೆ ಜಗಲಿಗೆ ಬಂದ ದಿನ ನಾನು ಅಲ್ಲೇ ಇದ್ದೆ. ನೋಡಲು ಬಂದವರೆಲ್ಲ ವಿನ್ಯಾಸದ ಪರಿಣತರಾದರು. ಪಕ್ಕದ ಮನೆಯ ಕಾಟಯ್ಯ ಕುರಿ ಸಾಕುವವರು, ಚಿಕ್ಕಪ್ಪನ ಓರಗೆಯವರು. ಪಿಸ್ತೂಲನ್ನು ಕುರಿಮರಿಯಂತೆ ಎತ್ತಿ, ಹೊಟ್ಟೆಯ ಭಾಗ ತಿರುಗಿಸಿ ನೋಡಿದರು.

"ಏನ್ ಹವಾಲ್ದಾರ್ರೇ, ಹೀರೇಕಾಯಿ ಬಳ್ಳಿ ಹಬ್ಬಿಸ್ಯಾರಲ್ಲ ಇದಕ್ಕೆ! ಯುದ್ಧಕ್ಕೆ ಹೋಗಿದ್ರೋ, ತೋಟಕ್ಕೋ?"

"ಲೇ ಕಾಟ, ಅದು ಡಿಸೈನು ಕಣೋ."

"ಡಿಸೈನು ಅಂದ್ರೆ ನಮ್ ದುರ್ಗದ ಕೋಟೆ ಹಾಕಿಸ್ಬೇಕಪ್ಪ. ಈ ಬಿಳೀ ಗುಡ್ಡ ಯಾರಿಗ್ ಬೇಕಾಗೈತೆ?"

ಇದು ನಮ್ಮ ಜಿಲ್ಲೆಯವರ ಕಾಯಿಲೆ. ಲಗ್ನಪತ್ರಿಕೆಯಿಂದ ಕ್ರಿಕೆಟ್ ಕಪ್ಪಿನವರೆಗೆ ಎಲ್ಲದರ ಮೇಲೂ ಕೋಟೆ ಬೇಕು. ರತ್ನಮ್ಮ ಚಿಕ್ಕಮ್ಮ ಮಾತ್ರ ಕೈಗೆ ತೆಗೆದುಕೊಳ್ಳಲಿಲ್ಲ. ಬಾಗಿಲಲ್ಲಿ ನಿಂತೇ "ಹುಣಸೇಹಣ್ಣು ಹಾಕಿ ತಿಕ್ಕೋ ಸಾಮಾನು ಇನ್ನೊಂದಾತು" ಎಂದರು.

ಹಿಡಿಯ ಮೇಲಿನ ಜಾಗದಲ್ಲಿ ಏನು ಬರೆಸಲಿ ಎಂದು ಚಿಕ್ಕಪ್ಪ ನನ್ನನ್ನೂ ಕೇಳಿದರು. ಪದ್ಯಗಳಲ್ಲಿ ಪೂರ್ಣವಿರಾಮವನ್ನೂ ಸಹಿಸದೆ ಬರೆಯುತ್ತಿದ್ದ ಕಾಲ ಅದು. "ಆ ಜಾಗವನ್ನು ಖಾಲಿ ಬಿಡಿ ಚಿಕ್ಕಪ್ಪ. ಇಷ್ಟು ಗದ್ದಲದ ನಡುವೆ ಮಾತಾಡುತ್ತಿರುವುದು ಅದೊಂದೇ" ಎಂದೆ. ಕಾಟಯ್ಯ ನನ್ನನ್ನು ಮೇಲಿಂದ ಕೆಳಗೆ ನೋಡಿ "ಹುಡುಗನ್ಗೆ ಟೀ ಕೊಡ್ರಮ್ಮ" ಎಂದರು.

ಚಿಕ್ಕಪ್ಪ ಮಾರನೆಯ ದಿನ ತೆಂಗಿನಕಾಯಿ ವ್ಯಾಪಾರಕ್ಕೆ ಹಿರಿಯೂರಿಗೆ ಹೋದಾಗ ಪೆಟ್ಟಿಗೆಯನ್ನೂ ಒಯ್ದರು. ಪಾತ್ರೆಗಳಿಗೆ ಹೆಸರು ಹಾಕುವ ಬಾಷಾಸಾಬರ ಮುಂದಿಟ್ಟು, ಹೆಸರು ಊರು ಹೇಳಿ, "ಇದು ಸ್ಮರಣಿಕೆ ಕಣ್ರಿ, ಹಂಗೇ ನೀಟಾಗಿ ಬರೀರಿ" ಎಂದು ಮಂಡಿಗೆ ಹೋದರು. ನಮ್ಮ ಕಡೆ ಪಾತ್ರೆಯ ಮೇಲೆ ಬರೆಯುವ ವಾಕ್ಯಗಳು ಮುಖ್ಯವಾಗಿ ಎರಡು. ಮದುವೆ ಮುಂಜಿಗಾದರೆ 'ಪ್ರೀತಿಯ ಕಾಣಿಕೆ'. ಯಾರಾದರೂ ತೀರಿಕೊಂಡು, ತಿಥಿಗೆ ಬಂದವರಿಗೆ ಲೋಟ ತಟ್ಟೆ ಹಂಚುವುದಾದರೆ ಇನ್ನೊಂದು. ಬಾಷಾಸಾಬರ ಕಿವಿಗೆ 'ಸ್ಮರಣ' ಎಂದು ಬಿದ್ದದ್ದೇ ಸಾಕಾಯಿತು. ಕೈ ರೂಢಿಯ ದಾರಿ ಹಿಡಿಯಿತು.

ಸಂಜೆ ಜಗಲಿಯ ಮೇಲೆ ಪೆಟ್ಟಿಗೆ ತೆರೆದು ಚಿಕ್ಕಪ್ಪ ನನಗೆ ಗಟ್ಟಿಯಾಗಿ ಓದಲು ಹೇಳಿದರು. ಓದಿದೆ. "ಆದಿವಾಲದ ಹವಾಲ್ದಾರ್ ತಿಪ್ಪೇಸ್ವಾಮಿ ಇವರ ಸ್ಮರಣಾರ್ಥ."

ಮೊದಲು ಅರ್ಥವಾದದ್ದು ಕಾಟಯ್ಯನವರಿಗೆ. "ಹಂಗಾರೆ ತಿಥಿ ಊಟ ಯಾವತ್ತಪ್ಪ?" ಎಂದರು. ಜಗಲಿಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಚಿಕ್ಕಪ್ಪ.

ಚಿಕ್ಕಮ್ಮ ಒಳಗಿಂದ ಬಂದರು. ಅವರಿಗೆ ಓದಲು ಬರುತ್ತಿತ್ತು. ಒಂದೊಂದೇ ಅಕ್ಷರ ಓದಿಕೊಂಡು, "ಇದು ಹೊಸಲು ದಾಟಿ ಒಳಗ್ ಬರಂಗಿಲ್ಲ" ಎಂದರು.

"ಏನೇ, ಹಂಗ್ ಬರೆದ್ರೆ ಸತ್ತೋಗ್ತೀನೇನೇ?"

"ನಿಮಗೆ ನಗಾಟ. ಅಷ್ಟ್ ವರ್ಷ ಟೆಲಿಗ್ರಾಮಿನೋನು ನಮ್ ಓಣಿಗೆ ತಿರುಗಿದ್ರೆ ಸಾಕು, ಎದಿ ಹಿಡ್ಕಂಡು ನಿಂತೋಳು ನಾನು. ಯಾವ ಮಾತು ಬರಬಾರ್ದು ಅಂತ ನಿಂತಿದ್ನೋ ಅದನ್ನ ನೀವೇ ದುಡ್ಡು ಕೊಟ್ಟು ಬರೆಸ್ಕಂಡು ಬಂದೀರಲ್ರಿ!"

ನಗು ನಿಂತಿತು. ಕಾಟಯ್ಯ ಕುರಿ ನೋಡುವ ನೆಪದಲ್ಲಿ ಎದ್ದುಹೋದರು. ಚಿಕ್ಕಮ್ಮ ಆಗ ಅತ್ತರೆಂದು ಬರೆಯಲು ನನ್ನ ಪೆನ್ನು ಕಾಯುತ್ತಿದೆ. ಅತ್ತದ್ದು ನನಗೆ ನೆನಪಿಲ್ಲ. ಪೆಟ್ಟಿಗೆ ಮಾತ್ರ ಆ ರಾತ್ರಿ ಪಂಪಿನ ಮನೆಯಲ್ಲಿತ್ತು.

ಬೆಳಗ್ಗೆ ಚಿಕ್ಕಪ್ಪ, ಚಿಕ್ಕಮ್ಮ, ನಾನು ಮೂವರೂ ಬಸ್ಸು ಹತ್ತಿ ಹಿರಿಯೂರಿಗೆ ಹೋದೆವು. ಬಾಷಾಸಾಬರು ಹಣೆ ಚಚ್ಚಿಕೊಂಡರು. "ತಪ್ಪಾತಕ್ಕ. ಆದ್ರೆ ಉಜ್ಜಿದ್ರೆ ಸುತ್ತಲಿನ ಬಳ್ಳೀನೂ ಹೋಗ್ತೈತೆ, ಗುಳಿ ಬೀಳ್ತೈತೆ." ಚಿಕ್ಕಪ್ಪನ ಮುಖ ಬಾಡಿತು. ಆ ಹಿತ್ತಾಳೆಯ ತುಂಡನ್ನು ಅವರು ಎಷ್ಟು ಹಚ್ಚಿಕೊಂಡಿದ್ದಾರೆಂದು ಗೊತ್ತಾದದ್ದು ಆಗಲೇ. ಉಜ್ಜಿದರೆ ಪಿಸ್ತೂಲು ಕೆಡುತ್ತದೆ. ಉಜ್ಜದಿದ್ದರೆ ಚಿಕ್ಕಮ್ಮ ಒಳಗೆ ಬಿಡುವುದಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಬಾಷಾಸಾಬರೇ ತೋರಿಸಿದರು. 'ಇವರ' ಎಂಬಲ್ಲಿಗೆ ಮೊದಲ ಸಾಲು ಮುಗಿದು, ಮುಂದೆ ಪುಟ್ಟ ಜಾಗ ಉಳಿದಿತ್ತು; 'ಸ್ಮರಣಾರ್ಥ' ಕೆಳಗಿನ ಸಾಲಿನಲ್ಲಿತ್ತು. "ತೆಗಿಯಾಕ್ ಆಗಲ್ಲ, ಸೇರಿಸ್ಬೋದು. 'ಸೇವೆಯ' ಅಂತ ಹಾಕ್ತೀನಿ. ಇವರ ಸೇವೆಯ ಸ್ಮರಣಾರ್ಥ. ದೋಷ ಹೋಯ್ತು." ಒಳ್ಳೆಯ ಉಪಾಯವೇ. ಆದರೆ ಆ ಜಾಗದಲ್ಲಿ ಕೊನೆಗೆ ಕೆತ್ತಿಸಿದ್ದು ಸೇವೆಯಲ್ಲ. "ಆದಿವಾಲದ ಹವಾಲ್ದಾರ್ ತಿಪ್ಪೇಸ್ವಾಮಿ ಇವರ ರಜೆಯ ಸ್ಮರಣಾರ್ಥ." ರಜೆಗೆ ಸ್ಮಾರಕವಾದ ಪಿಸ್ತೂಲು ಜಗತ್ತಿನಲ್ಲಿ ಇದೊಂದೇ ಇರಬೇಕು.

ಆ ಮಾತು ಹೇಳಿದವರು ಚಿಕ್ಕಮ್ಮ ಎಂದು ಎಲ್ಲ ಕಡೆ ಹೇಳಿಕೊಂಡು ಬಂದಿದ್ದೇನೆ. 'ನಿಮ್ಮ ಸೇವೆಯನ್ನು ನಾನೆಲ್ಲಿ ಕಂಡೆ, ಕಂಡದ್ದು ರಜೆಯನ್ನು' ಎಂದು ಅವರು ಅಂದದ್ದಾಗಿ. ಕೇಳಿದವರೆಲ್ಲ ಆಹಾ ಎಂದಿದ್ದಾರೆ.

ಮೊನ್ನೆ ಕೊಡವನ್ನು ತಲುಪಿಸಿ ಆದಿವಾಲಕ್ಕೂ ಹೋದೆ. ಇಬ್ಬರೂ ಮಂಡಿನೋವಿನ ಎಣ್ಣೆ ಹಚ್ಚಿಕೊಂಡು ಜಗಲಿಯಲ್ಲಿ ಕುಳಿತಿದ್ದರು. "ಅವತ್ತು ಎಂಥ ಮಾತು ಹೇಳಿದಿರಿ ಚಿಕ್ಕಮ್ಮ" ಎಂದೆ.

"ನಾನಾ? ನಾ ಎಲ್ಲಿ ಅಂದೆ? ಅವರೇ ಅಂದಿದ್ದು. ಅಲ್ಲಿ ಇದ್ದಷ್ಟು ದಿನಾನೂ ನೆನೆಸ್ತಿದ್ದಿದ್ದು ರಜೇನ, ಅದನ್ನೇ ಬರೀರಿ ಅಂದ್ರು. ಅದಕ್ಕೇ ನಾ ಒಳಗ್ ಬಿಟ್ಟಿದ್ದು."

ಚಿಕ್ಕಪ್ಪ ಎಣ್ಣೆ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿದರು. "ಲೇ, ನಾನಲ್ಲ ಕಣೇ, ನೀನೇ ಅಂದಿದ್ದು. ನೀ ಅಂದೆ ಅಂತ್ಲೇ ನಾ ಒಪ್ಪಿದ್ದು. ಇಲ್ದಿದ್ರೆ ಸೇವೆ ಬಿಟ್ಟು ರಜೆ ಅಂತ ಹಾಕಿಸ್ಕಂತಾರೇನೇ ಯಾರಾದ್ರೂ?"

"ದೇವ್ರಾಣೆಗೂ ನಾನಲ್ಲ."

ಇಬ್ಬರೂ ಒಮ್ಮೆಗೇ ನನ್ನ ಕಡೆ ತಿರುಗಿದರು. "ನೀನೇ ಇದ್ದೆಯಲ್ಲಪ್ಪ ಅಲ್ಲಿ. ಹೇಳು, ಯಾರು ಅಂದಿದ್ದು?"

ಇಷ್ಟು ವರ್ಷ ಒಬ್ಬೊಬ್ಬರೂ ಇನ್ನೊಬ್ಬರಿಂದ ಬಂದದ್ದೆಂದು ಕಾಪಾಡಿಕೊಂಡ ಒಂದು ಮಾತು. ನಾನು ಯಾರ ಹೆಸರು ಹೇಳಿದರೂ ಒಬ್ಬರ ಪಾಲಿಗೆ ಅದು ಇಲ್ಲವಾಗುತ್ತದೆ.

"ನಾನಾಗ ಟೀ ಕುಡಿಯಲು ಹೊರಗೆ ಹೋಗಿದ್ದೆ ಚಿಕ್ಕಪ್ಪ" ಎಂದೆ.

"ಇವನೊಬ್ಬ! ಬೇಕಾದಾಗ ಇರಲ್ಲ" ಎಂದು ಚಿಕ್ಕಮ್ಮ ನಕ್ಕರು. ನಾನೇ ಹಾಗೆ ಹೇಳಿದ ಮೇಲೆ ನನಗೂ ಹಾಗೇ ನೆನಪಾಗತೊಡಗಿದೆ. ಬಸ್ ನಿಲ್ದಾಣದ ಎದುರಿನ ಅಂಗಡಿ, ಕೈ ಸುಡುತ್ತಿದ್ದ ಗಾಜಿನ ಲೋಟ. ಶುಂಠಿ ಸ್ವಲ್ಪ ಜಾಸ್ತಿಯಾಗಿತ್ತು.