ಅನುಮೋದಕ ರಮಾನಾಥಣ್ಣ

ದಹಿಸರ್‌ನ ನಮ್ಮ ಕನ್ನಡ ಸಂಘದಲ್ಲಿ ಠರಾವು ಸೂಚಿಸುವವರು ಬೇರೆ ಬೇರೆ, ಅನುಮೋದಿಸುವವರು ಮಾತ್ರ ಒಬ್ಬರೇ, ರಮಾನಾಥಣ್ಣ. ದಾದರಿನ ಹೋಟೆಲೊಂದರಲ್ಲಿ ಮೂವತ್ತು ವರ್ಷ ಮ್ಯಾನೇಜರ್ ಆಗಿದ್ದವರು. ಗಿರಾಕಿಗೆ ಇಲ್ಲ ಎನ್ನಬಾರದೆಂದು ಅಲ್ಲಿ ಕಲಿತ ಪಾಠವನ್ನು ನಿವೃತ್ತಿಯಾದ ಮೇಲೂ ಬಿಡಲಿಲ್ಲ. ಸಭೆ ಒಂದು ಗಳಿಗೆ ಸುಮ್ಮನಾದರೆ ಅವರಿಗೆ ಕೂತಲ್ಲಿ ಕೂರಲಾಗದು. ಎದ್ದು, ಅಂಗಿಯ ತುದಿ ಎಳೆದುಕೊಂಡು, "ಅನುಮೋದಿಸುತ್ತೇನೆ" ಎಂದುಬಿಡುತ್ತಾರೆ. ನಾವೆಲ್ಲ ನಗುತ್ತಿದ್ದೆವು. ಈಗ ಆ ನಗು ನೆನೆದರೆ ನಾಚಿಕೆಯಾಗುತ್ತದೆ.

ಕಳೆದ ಮೇ ತಿಂಗಳ ಮಹಾಸಭೆ. ಸಂಘದ ಕಟ್ಟಡದ ಛತ್ತು ಬಿರುಕು ಬಿಟ್ಟಿತ್ತು, ಮಳೆಗೆ ಮೂರೇ ವಾರ ಉಳಿದಿತ್ತು. ಅಧ್ಯಕ್ಷ ಧನರಾಜ್ ಅವರಿಗೆ ಆರು ತಿಂಗಳ ಮಟ್ಟಿಗೆ ಎಲ್ಲ ಅಧಿಕಾರ ಕೊಡಬೇಕು, ಸಮಿತಿ ಸಭೆ ಬೇಡ, ಅವರು ಸಹಿ ಹಾಕಿ ನೋಟೀಸ್ ಬೋರ್ಡಿಗೆ ಹಚ್ಚಿದ್ದೇ ಆಜ್ಞೆ ಎಂದು ಉಪಾಧ್ಯಕ್ಷರು ಸೂಚಿಸಿದರು.

ಎದ್ದವಳು ಮೋಹಿನಿ ಒಬ್ಬಳೇ. ಭಾನುವಾರಗಳಂದು ಸಂಘದ ಕೋಣೆಯಲ್ಲಿ ಹದಿನಾಲ್ಕು ಮಕ್ಕಳಿಗೆ ಕನ್ನಡ ಕಲಿಸುವವಳು. ಆ ಕೋಣೆಯನ್ನು ಬರ್ತ್‌ಡೇ ಪಾರ್ಟಿಗಳಿಗೆ ಬಿಟ್ಟುಕೊಡುವ ಆಸೆ ಧನರಾಜ್‌ಗೆ ಹಳೆಯದು. ಸಮಿತಿ ಎರಡು ಸಲ ಬೇಡವೆಂದಿತ್ತು.

"ಛತ್ತು ರಿಪೇರಿಗೆ ಅಂತ ಬರೀರಿ, ನಾನೇ ಮೊದಲು ಕೈ ಎತ್ತುತ್ತೇನೆ. ಎಲ್ಲ ಅಧಿಕಾರ ಎಂತಕ್ಕೆ?"

"ನೀರು ತಲೆ ಮೇಲೆ ಬೀಳುವಾಗ ಹದಿನೇಳು ಜನ ಕೂತು ಚರ್ಚೆ ಮಾಡ್ಲಿಕ್ಕೆ ಆಗ್ತದಾ ಮೋಹಿನಿಯಕ್ಕ?" ಎಂದರು ಧನರಾಜ್. "ಆರೇ ತಿಂಗಳು. ಮತ್ತೆ ನಿಮ್ಮದೇ ಸಮಿತಿ."

"ಆರು ತಿಂಗಳು ಮುಗೀತು ಅಂತ ನಿಮಗೆ ಹೇಳುವವರು ಯಾರು? ಸಭೆಯೇ ಇರುವುದಿಲ್ಲವಲ್ಲ."

ಯಾರೂ ತುಟಿ ಬಿಚ್ಚಲಿಲ್ಲ. ಅನುಮೋದಕರಿಲ್ಲದಿದ್ದರೆ ಠರಾವು ಅಲ್ಲಿಗೇ ಬಿದ್ದುಹೋಗುತ್ತಿತ್ತು. ಮೋಹಿನಿ ರಮಾನಾಥಣ್ಣನ ಕಡೆ ನೋಡಿದಳು. ಹಿಂದಿನ ದಿನ ನಾವು ಮೂವರೂ ಒಂದೇ ಲೋಕಲ್ ರೈಲಿನಲ್ಲಿ ಬರುವಾಗ, "ನೀನು ಧೈರ್ಯವಾಗಿ ಮಾತಾಡು ಮಗಾ, ನಿನ್ನ ಹಿಂದೆ ನಾವಿದ್ದೇವೆ" ಎಂದು ಅವರು ಹೇಳಿದ್ದರು. ನಾನೂ ತಲೆಯಾಡಿಸಿದ್ದೆ.

ರಮಾನಾಥಣ್ಣ ಎದ್ದರು. ಅಂಗಿಯ ತುದಿ ಎಳೆದುಕೊಂಡರು.

"ಅನುಮೋದಿಸುತ್ತೇನೆ."

ಮೋಹಿನಿ ಮೆಲ್ಲಗೆ ಕೂತಳು. ಉಳಿದವರೆಲ್ಲ ಕೈ ಎತ್ತಿದೆವು. ನನ್ನದು ಅರ್ಧ ಎತ್ತಿದ್ದು, ಆದರೆ ಎಣಿಸುವವರು ಅರ್ಧವೆಂದು ಬಿಡುವುದಿಲ್ಲ.

"ಅಭ್ಯಾಸ ಮಾರಾಯ, ಬಾಯಿಗೆ ಬಂದುಬಿಟ್ಟಿತು" ಎಂದು ಮೆಟ್ಟಿಲಿಳಿಯುವಾಗ ಅವರು ನನಗೆ ಹೇಳಿದರು. ವಾರ ಕಳೆದು ಹಾಲಿನ ಡೈರಿಯ ಎದುರು ಸಿಕ್ಕಾಗ ತಾವಾಗಿಯೇ ಬಾಯಿಬಿಟ್ಟರು. "ಅಭ್ಯಾಸ ಅಂದದ್ದು ಸುಳ್ಳು. ವಾರ್ಷಿಕೋತ್ಸವಕ್ಕೆ ನನಗೆ ಸನ್ಮಾನ ಉಂಟು ಅಂತ ಧನರಾಜ್ ಹೇಳಿದ್ದ. ಒಂದು ಶಾಲಿಗೆ ಆಸೆಪಟ್ಟೆ."

ಛತ್ತಿನ ರಿಪೇರಿ ಚೆನ್ನಾಗಿಯೇ ಆಯಿತು, ಅದನ್ನು ಇಲ್ಲವೆನ್ನಲಾರೆ. ಜುಲೈಯಲ್ಲಿ ಬೋರ್ಡಿಗೆ ಇನ್ನೊಂದು ಆಜ್ಞೆ ಬಂತು: ಕನ್ನಡ ತರಗತಿ ಬಂದ್. ಮಕ್ಕಳು ಮೋಹಿನಿಯ ಬಿಲ್ಡಿಂಗಿನ ಮೆಟ್ಟಿಲುಗಳ ಮೇಲೆ ಕೂತು ಕಾಗುಣಿತ ಬರೆಯತೊಡಗಿದರು. ಆಗಸ್ಟ್‌ನಲ್ಲಿ ರಮಾನಾಥಣ್ಣನಿಗೆ ಶಾಲು ಹೊದಿಸಿದರು. ಅದು ಪ್ಲಾಸ್ಟಿಕ್ ಕವರಿನಲ್ಲೇ ಕಪಾಟು ಸೇರಿತು. ಸಂಘಕ್ಕೆ ಹೋಗಬೇಕಾದರೆ ಮೋಹಿನಿಯ ಬಿಲ್ಡಿಂಗ್ ದಾಟಬೇಕು, ಅವರು ಸುತ್ತು ಹಾಕಿ ಬರುತ್ತಿದ್ದರು.

ನವೆಂಬರಿಗೆ ಆರು ತಿಂಗಳು ತುಂಬಿತು. ಸಂಘದ ಗೇಟಿನ ಬಳಿಯ ಬೋರ್ಡಿನಲ್ಲಿ ಹೊಸ ಕಾಗದ: ಅಧ್ಯಕ್ಷರ ವಿಶೇಷ ಅಧಿಕಾರ ಇನ್ನೂ ಆರು ತಿಂಗಳು ಮುಂದುವರಿದಿದೆ. ಸೂಚಕರು, ಧನರಾಜ್. ಅನುಮೋದಕರು, ರಮಾನಾಥ.

ನನ್ನ ಜೊತೆ ಬಂದಿದ್ದ ರಮಾನಾಥಣ್ಣ ಬೋರ್ಡಿನ ಎದುರೇ ನಿಂತು ಧನರಾಜ್‌ಗೆ ಫೋನ್ ಮಾಡಿದರು. ಕಿವಿ ಮಂದವಾದ್ದರಿಂದ ಅವರದು ಯಾವಾಗಲೂ ಸ್ಪೀಕರ್.

"ನನ್ನನ್ನು ಕೇಳದೆ ನನ್ನ ಹೆಸರು ಹೇಗೆ ಹಾಕಿದ್ರಿ?"

"ನೀವು ಬೇಡ ಅಂದದ್ದು ಯಾವಾಗ ಉಂಟು ರಮಾನಾಥಣ್ಣ?" ಧನರಾಜ್ ದನಿಯಲ್ಲಿ ಕೊಂಕಿರಲಿಲ್ಲ. ನಿಜಕ್ಕೂ ಆಶ್ಚರ್ಯವಾದಂತಿತ್ತು.

ಕಾಗದ ಕಿತ್ತುಹಾಕೋಣವೆಂದರೆ ಬೋರ್ಡಿಗೆ ಗಾಜಿನ ಬಾಗಿಲು, ಅದಕ್ಕೆ ಬೀಗ. ಅಷ್ಟರಲ್ಲಿ ಮೋಹಿನಿ ತರಕಾರಿ ಚೀಲ ಹಿಡಿದು ಆ ದಾರಿಯಲ್ಲೇ ಬಂದಳು. ರಮಾನಾಥಣ್ಣ ಗಡಬಡಿಸಿ ತಿರುಗಿ, ಗಾಜಿಗೆ ಬೆನ್ನು ಕೊಟ್ಟು, ತಮ್ಮ ಹೆಸರು ಮರೆಯಾಗುವಂತೆ ನಿಂತುಕೊಂಡರು.

"ಬೆಳಿಗ್ಗೆಯೇ ಓದಿದೆ ಅಣ್ಣ" ಎಂದಳು ಅವಳು. "ಬಿಸಿಲಿಗೆ ನಿಲ್ಲಬೇಡಿ."

ಅವಳು ಹೋದ ಮೇಲೂ ಅವರು ಅಲ್ಲಿಂದ ಕದಲಲಿಲ್ಲ. ನಾನೂ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದೆ. ನನ್ನ ಹೆಸರು ಬೋರ್ಡಿನಲ್ಲಿರಲಿಲ್ಲ, ಅಷ್ಟೇ.